ಮರದ ಪೆನ್ನು ಕಡೆಯುವ ಗುತ್ತಿಗೆ: ನ್ಯಾಯಯುತ ಮಜೂರಿ ನಿಗದಿಯ ಕ್ರಮ

ಸಮ್ಮೇಳನ, ವಾರ್ಷಿಕೋತ್ಸವ ಹಾಗೂ ಹಬ್ಬಗಳ ಸಂದರ್ಭದಲ್ಲಿ ಉದ್ಯಮ ಸಂಸ್ಥೆಗಳು ನೀಡುವ ಉಡುಗೊರೆಗಳಲ್ಲಿ ಕೈಯಿಂದ ಕಡೆದ ಮರದ ಪೆನ್ನಿಗೆ ಈಗ ಒಂದು ಸ್ಥಾನವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆ, ಬಳೆ, ಮಣಿಗಳೊಂದಿಗೆ ಪೆನ್ನುಗಳನ್ನೂ ತಯಾರಿಸುತ್ತಾರೆ. ಅಲ್ಲಿನ ಗೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಬಳಿಕ ಆ ಊರಿನ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚಿದೆ. ಆದರೆ ಹೆಸರಿನ ಬೆಲೆ ಹೆಚ್ಚಿದ ಮಾತ್ರಕ್ಕೆ ಲೇತಿನ ಮುಂದೆ ಕುಳಿತವನ ಮಜೂರಿ ಹೆಚ್ಚುವುದಿಲ್ಲ. ವ್ಯಾಪಾರಿ ಮತ್ತು ಕುಶಲಕರ್ಮಿಯ ನಡುವಿನ ಮಾತುಕತೆಯಲ್ಲಿ ಅತ್ಯಂತ ಅಸ್ಪಷ್ಟವಾಗಿ ಉಳಿಯುವ ವಿಷಯವೆಂದರೆ ಇದೇ ಮಜೂರಿ.

ಬೀಡಿ ಉದ್ಯಮದಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಸರ್ಕಾರವೇ ಕನಿಷ್ಠ ದರವನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸುವ ಪದ್ಧತಿಯಿದೆ. ಕಡೆದ ಪೆನ್ನಿಗೆ ಅಂತಹ ಒಂದೇ ದರ ಹೊಂದಲಾರದು. ವಿನ್ಯಾಸ ಬದಲಾದಂತೆ ಶ್ರಮವೂ ಬದಲಾಗುತ್ತದೆ. ಆದುದರಿಂದ ಇಲ್ಲಿ ಮುಖ್ಯವಾಗುವುದು ದರವಲ್ಲ, ದರವನ್ನು ಕಟ್ಟುವ ಕ್ರಮ. ಈ ಲೇಖನದಲ್ಲಿ ಆ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಹಂತಹಂತವಾಗಿ ವಿವರಿಸಲಾಗಿದೆ. ಉದಾಹರಣೆಯಲ್ಲಿನ ರೂಪಾಯಿ ಮತ್ತು ನಿಮಿಷಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು. ಸದಸ್ಯರು ತಮ್ಮ ಸಂದರ್ಭದ ಅಂಕಿಗಳನ್ನು ಆ ಸ್ಥಾನದಲ್ಲಿ ಇಟ್ಟು ಲೆಕ್ಕ ಹಾಕಿಕೊಳ್ಳಬಹುದು.

1. ಕಣ್ಣಿಗೆ ಕಾಣುವ ಕೆಲಸ, ಕಾಣದ ಕೆಲಸ

ಬೆಂಗಳೂರಿನ ಉಡುಗೊರೆ ವ್ಯಾಪಾರಿಯೊಬ್ಬರು 500 ಪೆನ್ನುಗಳ ಬೇಡಿಕೆ ಪಡೆದು ಕುಶಲಕರ್ಮಿಯ ಮನೆಗೆ ಬರುತ್ತಾರೆ ಎಂದಿಟ್ಟುಕೊಳ್ಳೋಣ. ಅವರ ಎದುರಿಗೇ ಆತ ಒಂದು ಪೆನ್ನನ್ನು 8 ನಿಮಿಷದಲ್ಲಿ ಕಡೆದು ತೋರಿಸುತ್ತಾನೆ. ಉಳಿದ ಕೆಲಸಗಳಿಗೂ ಸೇರಿಸಿ ಒಂದು ಪೆನ್ನಿಗೆ ಕಾಲು ಗಂಟೆ ಸಾಕು ಎಂಬುದು ವ್ಯಾಪಾರಿಯ ಅಂದಾಜು. 8 ಗಂಟೆಗೆ 32 ಪೆನ್ನು; ತಲಾ 40 ರೂ.ನಂತೆ ದಿನಕ್ಕೆ 1,280 ರೂ. ಇದು ಉತ್ತಮ ಸಂಪಾದನೆಯೇ ಎಂದು ಅವರು ಪ್ರಾಮಾಣಿಕವಾಗಿ ನಂಬುತ್ತಾರೆ. ಕುಶಲಕರ್ಮಿಯೂ ಕೆಲಸ ಕೈತಪ್ಪೀತೆಂಬ ಆತಂಕದಿಂದ ಒಪ್ಪಿಕೊಳ್ಳುತ್ತಾನೆ. ಇಬ್ಬರಲ್ಲಿ ಯಾರೂ ಮೋಸ ಮಾಡಿಲ್ಲ. ಆದರೆ ಇಬ್ಬರೂ ಲೆಕ್ಕ ಮಾಡಿಲ್ಲ.

ಹಿತ್ತಾಳೆಯ ನಳಿಕೆ, ಕ್ಲಿಪ್ಪು, ರೀಫಿಲ್ಲುಗಳ ಜೋಡಿಯನ್ನು ಬಳಸಿ ತಯಾರಿಸುವ ಪೆನ್ನಿನಲ್ಲಿ ಕಡೆಯುವ ಕೆಲಸ ಒಂದು ಭಾಗ ಮಾತ್ರ. ಮರದ ತುಂಡನ್ನು ಅಳತೆಗೆ ಕತ್ತರಿಸಬೇಕು. ಉದ್ದಕ್ಕೂ ನೇರವಾಗಿ ರಂಧ್ರ ಕೊರೆಯಬೇಕು. ನಳಿಕೆಯನ್ನು ಅಂಟಿನಿಂದ ಕೂರಿಸಿ ಒಣಗಲು ಬಿಡಬೇಕು. ತುದಿಗಳನ್ನು ಲಂಬಕ್ಕೆ ಸಮಗೊಳಿಸಬೇಕು. ಮ್ಯಾಂಡ್ರೆಲ್ ಎನ್ನುವ ಉಕ್ಕಿನ ಸರಳಿಗೆ ತೂರಿಸಿ, ಎರಡೂ ಬದಿಯ ಬುಶ್ಶುಗಳ ಅಳತೆಗೆ ಸರಿಯಾಗಿ ಉಳಿಯಿಂದ ಕಡೆಯಬೇಕು. ಉಪ್ಪುಕಾಗದದಿಂದ ಉಜ್ಜಬೇಕು. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣ ಹತ್ತುತ್ತದೆ. ಒಣಗಿದ ತಾಳೆಗರಿಯಿಂದ ಅದನ್ನು ಸಮವಾಗಿ ಹರಡಿ ಮೆರುಗು ತರಬೇಕು. ಕೊನೆಗೆ ಬಿಡಿಭಾಗಗಳನ್ನು ಒತ್ತಿ ಜೋಡಿಸಿ, ಬರೆದು ನೋಡಿ, ಕಾಗದದಲ್ಲಿ ಸುತ್ತಿಡಬೇಕು. ಮರಕ್ಕೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಏರುತಗ್ಗಿದ್ದರೂ ಬೆರಳಿಗೆ ತಿಳಿಯುತ್ತದೆ. ಗೊಂಬೆಯಲ್ಲಿ ನಡೆಯುವ ವ್ಯತ್ಯಾಸ ಪೆನ್ನಿನಲ್ಲಿ ನಡೆಯದು. ಗೊಂಬೆಯ ದರವನ್ನು ಆಧರಿಸಿ ಪೆನ್ನಿನ ದರ ಹೇಳುವುದು ಈ ಕಾರಣದಿಂದಲೇ ತಪ್ಪಾಗುತ್ತದೆ.

2. ಮೊದಲ ಹಂತ: ಕಾಲದ ಅಳತೆ

ದರ ಮಾತನಾಡುವ ಮುನ್ನ 20 ಪೆನ್ನುಗಳ ಒಂದು ಪ್ರಾಯೋಗಿಕ ಕಂತನ್ನು ಮಾಡಿಸಿ, ಪ್ರತಿ ಹಂತಕ್ಕೆ ಹಿಡಿದ ಸಮಯವನ್ನು ಬರೆದಿಡುವುದು ಸರಿಯಾದ ಆರಂಭ. ಈ ಕಂತಿಗೆ ದಿನಗೂಲಿ ಕೊಡತಕ್ಕದ್ದು. ಮಾದರಿಯ ಹೆಸರಿನಲ್ಲಿ ಉಚಿತ ಕೆಲಸ ಮಾಡಿಸಿಕೊಳ್ಳುವುದು ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. 20 ಪೆನ್ನುಗಳಿಗೆ ದೊರೆತ ಸಮಯ ಹೀಗಿದೆ ಎಂದು ಭಾವಿಸೋಣ:

ಕತ್ತರಿಸುವುದು ಮತ್ತು ರಂಧ್ರ ಕೊರೆಯುವುದು – 80 ನಿಮಿಷ
ನಳಿಕೆ ಅಂಟಿಸುವುದು, ತುದಿ ಸಮಗೊಳಿಸುವುದು – 60 ನಿಮಿಷ
ಕಡೆಯುವುದು – 160 ನಿಮಿಷ
ಉಪ್ಪುಕಾಗದದಿಂದ ಉಜ್ಜುವುದು – 80 ನಿಮಿಷ
ಅರಗು ಮತ್ತು ಮೆರುಗು – 100 ನಿಮಿಷ
ಜೋಡಣೆ, ಪರೀಕ್ಷೆ, ಸುತ್ತುವುದು – 60 ನಿಮಿಷ
ಒಟ್ಟು – 540 ನಿಮಿಷ

ಅಂದರೆ ಪೆನ್ನೊಂದಕ್ಕೆ 27 ನಿಮಿಷ. ವ್ಯಾಪಾರಿ ಕಂಡ 8 ನಿಮಿಷ ಇದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಇಲ್ಲಿಗೂ ಕಾಲದ ಲೆಕ್ಕ ಮುಗಿಯುವುದಿಲ್ಲ. ಉಳಿ ಮಸೆಯುವುದು, ಹೊಟ್ಟು ಗುಡಿಸುವುದು, ವಿದ್ಯುತ್ ಹೋದಾಗ ಕಾಯುವುದು, ನೀರು ಕುಡಿಯಲು ಏಳುವುದು ಇವೆಲ್ಲ ಕೆಲಸದ ಕಾಲವೇ. ಇದಕ್ಕೆ ಶೇ. 15 ಸೇರಿಸಿದರೆ ಸುಮಾರು 31 ನಿಮಿಷವಾಗುತ್ತದೆ. 20ರಲ್ಲಿ ಒಂದು ಪೆನ್ನು ಸೀಳಿಯೋ ಒಡೆದೋ ಹಾಳಾಗುವುದೆಂದರೆ, ಅದಕ್ಕೆ ಹಿಡಿದ ಕಾಲವನ್ನು ಉಳಿದ 19 ಪೆನ್ನುಗಳ ಮೇಲೆ ಹಂಚಬೇಕು. ಆಗ ಒಪ್ಪಿಗೆಯಾಗುವ ಒಂದು ಪೆನ್ನಿಗೆ ಸುಮಾರು 33 ನಿಮಿಷ ಬೀಳುತ್ತದೆ. 8 ಗಂಟೆಯ ದಿನದಲ್ಲಿ ತಯಾರಾಗುವುದು 32 ಪೆನ್ನುಗಳಲ್ಲ. 14 ಅಥವಾ 15 ಮಾತ್ರ.

3. ಎರಡನೆಯ ಹಂತ: ಗಂಟೆಯ ಬೆಲೆ

ಕುಶಲ ಕೆಲಸಗಾರನ ದಿನಗೂಲಿಯನ್ನು 800 ರೂ. ಎಂದು ಇಟ್ಟುಕೊಂಡರೆ ಗಂಟೆಗೆ 100 ರೂ. ಆಗುತ್ತದೆ. 33 ನಿಮಿಷಕ್ಕೆ 55 ರೂ. ಇದು ಕೈಕೂಲಿ ಮಾತ್ರ.

ಕಾರ್ಖಾನೆಯ ಉದ್ಯೋಗಿಗೆ ಕೂಲಿಯ ಹೊರತಾಗಿಯೂ ಕೆಲವು ಹಕ್ಕುಗಳಿವೆ. ಭವಿಷ್ಯ ನಿಧಿಗೆ ಮಾಲೀಕರ ವಂತಿಗೆ ಸಾಮಾನ್ಯವಾಗಿ ಶೇ. 12, ರಾಜ್ಯ ವಿಮೆಗೆ ಶೇ. 3.25, ಕನಿಷ್ಠ ಬೋನಸ್ ಶೇ. 8.33, ಜೊತೆಗೆ ಸಂಬಳಸಹಿತ ರಜೆ. ಮನೆಯಲ್ಲಿ ಕುಳಿತು ಗುತ್ತಿಗೆಯಲ್ಲಿ ಕಡೆಯುವವನಿಗೆ ಇವು ಯಾವುವೂ ಇಲ್ಲ. ಜ್ವರ ಬಂದ ದಿನ ಆತನ ಆದಾಯ ಸೊನ್ನೆ. ಆದುದರಿಂದ ಕೈಕೂಲಿಯ ಮೇಲೆ ಶೇ. 25ರಷ್ಟನ್ನು ಭದ್ರತೆಯ ಬಾಬ್ತಿಗೆ ಸೇರಿಸುವುದು ಔದಾರ್ಯವಲ್ಲ. ವ್ಯಾಪಾರಿ ತನ್ನದೇ ಕಾರ್ಖಾನೆ ನಡೆಸಿದ್ದರೆ ಅನಿವಾರ್ಯವಾಗಿ ತೆರಬೇಕಾಗಿದ್ದ ಖರ್ಚು ಅದು. ಇದರ ಮೊತ್ತ 13.75 ರೂ.

ಬಳಿಕ ಕಾರ್ಯಾಗಾರದ ಖರ್ಚು. ಲೇತ್, ಮೋಟಾರು, ಉಪಕರಣಗಳಿಗೆ 60,000 ರೂ. ಹಾಕಿದ್ದು, ಅವು 60 ತಿಂಗಳು ಬಾಳುವುದಾದರೆ ತಿಂಗಳಿಗೆ ಸವಕಳಿ 1,000 ರೂ. ವಿದ್ಯುತ್ 1,200, ಕೋಣೆಯ ಬಾಡಿಗೆ 2,500, ದುರಸ್ತಿ ಹಾಗೂ ಬೆಲ್ಟಿಗೆ 700. ಒಟ್ಟು 5,400 ರೂ. ಕೋಣೆ ಸ್ವಂತದ್ದಾದರೂ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಆ ಕೋಣೆಯಿಂದ ಬರಬಹುದಾಗಿದ್ದ ಆದಾಯವನ್ನು ಆ ಕುಟುಂಬ ಬಿಟ್ಟುಕೊಟ್ಟಿದೆ. ತಿಂಗಳಿಗೆ 26 ದಿನದಂತೆ 208 ಗಂಟೆಗಳಿದ್ದರೂ ಬೇಡಿಕೆ ಇಲ್ಲದ ವೇಳೆ, ಸರಕು ತರುವ ಓಡಾಟ ಕಳೆದು 180 ಗಂಟೆ ಮಾತ್ರ ನಿಜವಾದ ಉತ್ಪಾದನೆಗೆ ದೊರೆಯುತ್ತದೆ ಎನ್ನೋಣ. ಗಂಟೆಗೆ 30 ರೂ.; ಪೆನ್ನಿಗೆ 16.50 ರೂ. ಅರಗು, ಅಂಟು, ಉಪ್ಪುಕಾಗದಗಳಿಗೆ ಪೆನ್ನಿಗೆ 6 ರೂ.

ಒಟ್ಟಿನಲ್ಲಿ ಮಜೂರಿ ಹೀಗೆ ಕಟ್ಟಿಕೊಳ್ಳುತ್ತದೆ:

ಕೈಕೂಲಿ – 55.00 ರೂ.
ಭದ್ರತೆಯ ಬಾಬ್ತು – 13.75 ರೂ.
ಕಾರ್ಯಾಗಾರದ ಖರ್ಚು – 16.50 ರೂ.
ಸಣ್ಣಪುಟ್ಟ ಸಾಮಗ್ರಿ – 6.00 ರೂ.
ಒಟ್ಟು – 91.25 ರೂ.

ಮರ ಹಾಗೂ ಲೋಹದ ಬಿಡಿಭಾಗಗಳನ್ನು ವ್ಯಾಪಾರಿಯೇ ಪೂರೈಸುತ್ತಾರೆ ಎಂಬುದು ಈ ಲೆಕ್ಕದ ಆಧಾರ.

ಈಗ 40 ರೂ. ದರವನ್ನು ಮತ್ತೆ ಪರಿಶೀಲಿಸಬಹುದು. ಅದರಲ್ಲಿ ಕಾರ್ಯಾಗಾರ ಮತ್ತು ಸಾಮಗ್ರಿಗೆ 22.50 ರೂ. ಹೋದರೆ ಕೈಗೆ ಉಳಿಯುವುದು 17.50 ರೂ. ದಿನಕ್ಕೆ ಹದಿನಾಲ್ಕೂವರೆ ಪೆನ್ನಿನಂತೆ ಸಂಪಾದನೆ ಸುಮಾರು 254 ರೂ. ವ್ಯಾಪಾರಿ ನಂಬಿದ್ದ 1,280 ರೂ.ಗೂ ಈ ಮೊತ್ತಕ್ಕೂ ಇರುವ ಅಂತರವನ್ನು ತುಂಬುವುದು ಆ ಕುಟುಂಬ. ಹೆಂಡತಿ ಉಪ್ಪುಕಾಗದ ಹಿಡಿಯುತ್ತಾಳೆ, ಶಾಲೆಯಿಂದ ಬಂದ ಮಗ ರೀಫಿಲ್ಲು ಜೋಡಿಸುತ್ತಾನೆ, ದೀಪ ರಾತ್ರಿ ಹನ್ನೊಂದರವರೆಗೆ ಉರಿಯುತ್ತದೆ. ಲೆಕ್ಕಕ್ಕೆ ಬಾರದ ಈ ಕೈಗಳ ದುಡಿಮೆಯಿಂದಲೇ ಕಡಿಮೆ ದರವು ಸಾಧ್ಯವಾದಂತೆ ಕಾಣುತ್ತದೆ.

4. ಕಾನೂನಿನ ನೆಲೆ

ಪೀಸ್ ಲೆಕ್ಕದ ಕೆಲಸಕ್ಕೆ ಕನಿಷ್ಠ ವೇತನದ ನಿಯಮ ಅನ್ವಯಿಸದೆಂಬ ಭಾವನೆ ವ್ಯಾಪಾರ ವಲಯದಲ್ಲಿ ಸಾಮಾನ್ಯ. ಇದು ಸರಿಯಲ್ಲ. ಕಾಲದ ಆಧಾರದ ಕನಿಷ್ಠ ದರ ಮಾತ್ರ ನಿಗದಿಯಾಗಿದ್ದು, ಪೀಸಿನ ದರ ನಿಗದಿಯಾಗಿರದಿದ್ದಲ್ಲಿ, ಪೀಸ್ ಲೆಕ್ಕದ ಕೆಲಸಗಾರನಿಗೂ ಕಾಲದ ದರಕ್ಕಿಂತ ಕಡಿಮೆ ಬೀಳುವಂತಿಲ್ಲ ಎಂದು 1948ರ ಕನಿಷ್ಠ ವೇತನ ಕಾಯ್ದೆಯ 17ನೆಯ ಪ್ರಕರಣ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಅದೇ ತತ್ತ್ವವಿದೆ. ಸಾಮಗ್ರಿಯನ್ನು ಪಡೆದು ತನ್ನ ಮನೆಯಲ್ಲಿ ಕೆಲಸ ಮಾಡಿಕೊಡುವವನನ್ನೂ 1948ರ ಕಾಯ್ದೆಯು ಉದ್ಯೋಗಿಯ ವ್ಯಾಖ್ಯೆಯೊಳಗೆ ತಂದಿತ್ತು. ಮನೆಯಲ್ಲಿ ದುಡಿಯುವವರಿಗೂ ಇತರ ವೇತನದಾರರಿಗೂ ಸಮಾನ ವ್ಯವಹಾರ ದೊರೆಯಬೇಕೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ 177ನೆಯ ಒಡಂಬಡಿಕೆಯ ಆಶಯ.

ಸ್ವತಂತ್ರ ಗುತ್ತಿಗೆದಾರನೆಂದು ಪರಿಗಣಿತನಾಗುವ ಕುಶಲಕರ್ಮಿಗೆ ಈ ಶಾಸನಗಳು ನೇರವಾಗಿ ಅನ್ವಯಿಸದಿರಬಹುದು. ಹಾಗಿದ್ದರೂ ತನ್ನ ದರವು ಕಾಲದ ಲೆಕ್ಕದಲ್ಲಿ ಕನಿಷ್ಠ ವೇತನವನ್ನು ಮುಟ್ಟುತ್ತದೆಯೇ ಎಂದು ಪರಿಶೀಲಿಸುವುದು ವ್ಯಾಪಾರಿಗೆ ವಿವೇಕದ ಕೆಲಸ. ಕನಿಷ್ಠ ವೇತನ ನೆಲಮಟ್ಟವೇ ಹೊರತು ಕುಶಲತೆಯ ಬೆಲೆಯಲ್ಲ ಎಂಬುದನ್ನೂ ಮರೆಯಲಾಗದು.

5. ಹಲವು ಕೈಗಳಿಗೆ ಹಂಚಿದಾಗ

ಒಂದೇ ಗುತ್ತಿಗೆಯನ್ನು ಹತ್ತು ಮನೆಗಳಿಗೆ ಹಂಚುವಾಗ ಯಾರ ವೇಗವನ್ನು ಅಳತೆಗೋಲಾಗಿ ಹಿಡಿಯಬೇಕೆಂಬ ಪ್ರಶ್ನೆ ಏಳುತ್ತದೆ. ಅತಿ ವೇಗದವನನ್ನು ಹಿಡಿದರೆ ಉಳಿದ ಒಂಬತ್ತು ಮಂದಿಗೂ ನಷ್ಟ. ಸರಾಸರಿಯನ್ನು ಹಿಡಿದರೂ ಸರಿಸುಮಾರು ಅರ್ಧದಷ್ಟು ಮಂದಿ ಉದ್ದೇಶಿತ ಕೂಲಿಗಿಂತ ಕೆಳಗೆ ಬೀಳುತ್ತಾರೆ.

ಬ್ರಿಟನ್ನಿನ ಕನಿಷ್ಠ ವೇತನ ನಿಯಮಗಳು ಇದಕ್ಕೊಂದು ಸರಳ ಪರಿಹಾರ ಕಂಡುಕೊಂಡಿವೆ. ಅಲ್ಲಿ ಕೆಲಸಗಾರರ ವೇಗವನ್ನು ಪರೀಕ್ಷಿಸಿ ಗಂಟೆಗೆ ಸರಾಸರಿ ಎಷ್ಟು ಪೀಸು ತಯಾರಾಗುತ್ತದೆಂದು ಕಂಡುಹಿಡಿದು, ಅದನ್ನು 1.2ರಿಂದ ಭಾಗಿಸಬೇಕು. ಗಂಟೆಯ ವೇತನವನ್ನು ಆ ಭಾಗಲಬ್ಧದಿಂದ ಭಾಗಿಸಿದಾಗ ಬರುವುದೇ ನ್ಯಾಯಯುತ ದರ. 2005ರ ಏಪ್ರಿಲ್‌ನಿಂದ ಈ ಕ್ರಮ ಅಲ್ಲಿ ಜಾರಿಯಲ್ಲಿದೆ. ಹೊಸಬರು ಹಾಗೂ ವಯಸ್ಸಾದವರು ಸರಾಸರಿಗಿಂತ ನಿಧಾನವಾದರೂ ಕನಿಷ್ಠ ಕೂಲಿ ತಪ್ಪದಂತೆ ಮಾಡುವುದು ಇದರ ಉದ್ದೇಶ. ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಕೈಕೂಲಿ 55 ರೂ.ನಿಂದ 66 ರೂ.ಗೆ, ಭದ್ರತೆಯ ಬಾಬ್ತು 16.50 ರೂ.ಗೆ, ಒಟ್ಟು ಮಜೂರಿ 105 ರೂ.ಗೆ ಏರುತ್ತದೆ. ಕಸುಬನ್ನು ಈಗಷ್ಟೇ ಕಲಿಯುತ್ತಿರುವ ಯುವಕ ಅದರಲ್ಲಿ ಉಳಿಯಬೇಕಾದರೆ ಈ ಅಂತರವೇ ನಿರ್ಣಾಯಕ.

ಇನ್ನೊಂದು ಎಚ್ಚರಿಕೆ: ಕುಶಲಕರ್ಮಿ ಅಭ್ಯಾಸದಿಂದ ವೇಗ ಸಾಧಿಸಿ ಹೆಚ್ಚು ಸಂಪಾದಿಸತೊಡಗಿದಾಗ ಮುಂದಿನ ಬೇಡಿಕೆಯಲ್ಲಿ ದರ ಇಳಿಸುವ ಚಪಲ ಸಹಜ. ಪೀಸ್ ದರ ಪದ್ಧತಿಯ ಬಗ್ಗೆ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1895ರಲ್ಲಿ ಮಂಡಿಸಿದ ಪ್ರಬಂಧದಲ್ಲಿಯೇ ಇದರ ದುಷ್ಪರಿಣಾಮದ ಚರ್ಚೆಯಿದೆ. ವೇಗ ಹೆಚ್ಚಿಸಿದರೆ ದರ ಕಡಿತವಾಗುವುದೆಂದು ಒಮ್ಮೆ ತಿಳಿದ ಕೆಲಸಗಾರ ಬೇಕೆಂದೇ ನಿಧಾನಿಸುತ್ತಾನೆ. ಉಪಕರಣವಾಗಲಿ ವಿಧಾನವಾಗಲಿ ಬದಲಾದಾಗ ಮಾತ್ರ ಹೊಸ ಅಳತೆ ಮಾಡುವುದು, ಕೈಚಳಕದ ಲಾಭವನ್ನು ಕೈಗೇ ಬಿಡುವುದು ಉಭಯತ್ರರಿಗೂ ಹಿತಕರ.

6. ಸಣ್ಣ ಬೇಡಿಕೆ, ದೊಡ್ಡ ಬೇಡಿಕೆ

ಹೊಸ ವಿನ್ಯಾಸಕ್ಕೆ ಬುಶ್ ಮಾಡಿಸುವುದು, ಅಳತೆಪಟ್ಟಿ ಕತ್ತರಿಸುವುದು, ಬಣ್ಣ ಹೊಂದಿಸುವುದು ಮುಂತಾದ ಸಿದ್ಧತೆಗೆ 6 ಗಂಟೆ ಬೇಕೆನ್ನೋಣ. ಕೂಲಿ, ಭದ್ರತೆ, ಕಾರ್ಯಾಗಾರ ಸೇರಿ ಗಂಟೆಗೆ 155 ರೂ.ನಂತೆ 930 ರೂ. ಆಗುತ್ತದೆ. 500 ಪೆನ್ನುಗಳ ಮೇಲೆ ಹಂಚಿದರೆ ತಲಾ 1.86 ರೂ.; 20 ಪೆನ್ನುಗಳ ಮೇಲೆ ಹಂಚಿದರೆ ತಲಾ 46.50 ರೂ. ಆದುದರಿಂದ ಸಿದ್ಧತೆಯ ಖರ್ಚನ್ನು ಪೆನ್ನಿನ ದರದಲ್ಲಿ ಅಡಗಿಸದೆ ಪ್ರತ್ಯೇಕ ಬಾಬ್ತಾಗಿ ತೋರಿಸುವುದೇ ಲೇಸು. ಸಣ್ಣ ಬೇಡಿಕೆಗೆ ದೊಡ್ಡ ಬೇಡಿಕೆಯ ದರ ಕೇಳುವ ವಾಡಿಕೆಗೆ ಇದರಿಂದ ತಾನಾಗಿಯೇ ತೆರೆ ಬೀಳುತ್ತದೆ.

7. ಹಾಳಾದ ಪೆನ್ನು ಯಾರ ಖಾತೆಗೆ?

ಗುತ್ತಿಗೆಗಳು ಮುರಿದುಬೀಳುವುದು ಹೆಚ್ಚಾಗಿ ಈ ಪ್ರಶ್ನೆಯ ಮೇಲೆ. ನಿಯಮ ಒಂದೇ: ಕಾರಣ ಯಾರ ಹಿಡಿತದಲ್ಲಿದೆಯೋ ನಷ್ಟ ಅವರದು. ಚನ್ನಪಟ್ಟಣದ ಕಸುಬಿಗೆ ಆಧಾರವಾದ ಆಲೆ ಮರ ಬಿಳುಪಾದ, ನಯವಾದ ಮರ. ಆದರೆ ಚೆನ್ನಾಗಿ ಒಣಗಿಸದಿದ್ದರೆ ಕಡೆದ ಮೇಲೂ ಕುಗ್ಗುತ್ತದೆ, ಬಿರಿಯುತ್ತದೆ. ಹಸಿ ಮರವನ್ನು ಪೂರೈಸಿದವರು ವ್ಯಾಪಾರಿಯಾದರೆ ಬಿರಿದ ಪೆನ್ನಿನ ಮಜೂರಿಯನ್ನು ಅವರೇ ಕೊಡಬೇಕು. ನಳಿಕೆಗೂ ಕ್ಲಿಪ್ಪಿಗೂ ಹೊಂದಿಕೆ ತಪ್ಪಿದ್ದರೆ ಅದೂ ಪೂರೈಸಿದವರ ಹೊಣೆ. ಉಳಿ ಸಿಕ್ಕಿ ಸೀಳಿದ್ದು, ಬುಶ್ಶಿನ ಅಳತೆ ಮೀರಿ ಕಡೆದದ್ದು ಕುಶಲಕರ್ಮಿಯ ಹೊಣೆ. ಆದರೆ 20ಕ್ಕೆ ಒಂದರಂತೆ ಮೊದಲೇ ಲೆಕ್ಕಕ್ಕೆ ಹಿಡಿದ ನಷ್ಟವನ್ನು ಆತನಿಂದ ಮತ್ತೊಮ್ಮೆ ಮುರಿದುಕೊಳ್ಳುವಂತಿಲ್ಲ.

ಇದಕ್ಕಾಗಿ ಎರಡು ಮಾದರಿ ಪೆನ್ನುಗಳಿಗೆ ಇಬ್ಬರೂ ಸಹಿ ಮಾಡಿದ ಚೀಟಿ ಅಂಟಿಸಿ ಒಂದೊಂದನ್ನು ಇಟ್ಟುಕೊಳ್ಳಬೇಕು. ಬಣ್ಣದಲ್ಲಿ ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದನ್ನು ಬರೆದಿಡಬೇಕು. ಕೈಯಿಂದ ಹಚ್ಚಿದ ಅರಗಿನಲ್ಲಿ ಯಂತ್ರದ ಏಕರೂಪತೆ ಕೇಳುವುದು ತರವಲ್ಲ. ಸರಕು ತಲುಪಿದ 7 ದಿನದೊಳಗೆ ಆಕ್ಷೇಪ ಬಾರದಿದ್ದರೆ ಅದು ಒಪ್ಪಿಗೆಯಾದಂತೆ ಎಂಬ ಷರತ್ತೂ ಅಗತ್ಯ.

8. ಮಾರಾಟ ಬೆಲೆಯೊಂದಿಗೆ ಹೋಲಿಕೆ

ಮಳಿಗೆಯಲ್ಲಿ 600 ರೂ.ಗೆ ಮಾರಾಟವಾಗುವ ಪೆನ್ನಿಗೆ 91 ರೂ. ಮಜೂರಿಯೇ ಎಂದು ಕುಶಲಕರ್ಮಿ ಕೇಳುವುದುಂಟು, 91 ರೂ. ಕೊಟ್ಟರೆ ಬೆಲೆ ಗಿಟ್ಟದೆಂದು ವ್ಯಾಪಾರಿ ಹೇಳುವುದುಂಟು. ಮಾರಾಟ ಬೆಲೆಯಲ್ಲಿ ಬಿಡಿಭಾಗ, ಪೆಟ್ಟಿಗೆ, ತೆರಿಗೆ, ಸಾಗಣೆ, ಮಳಿಗೆಯ ಲಾಭ, ಮಾರಾಟವಾಗದೆ ಉಳಿದ ಸರಕಿನ ನಷ್ಟ ಇವೆಲ್ಲ ಸೇರಿರುತ್ತವೆ. ಹೀಗಾಗಿ ಮಾರಾಟ ಬೆಲೆಯ ಶೇಕಡಾವಾರು ಮಜೂರಿಗೆ ಸರಿಯಾದ ಅಳತೆಯಲ್ಲ.

ಮಾರುಕಟ್ಟೆ ನಿಜವಾಗಿಯೂ ಆ ದರವನ್ನು ತಾಳದಿದ್ದರೆ ಕಡಿತ ಮಾಡಬೇಕಾದುದು ಕೆಲಸವನ್ನು, ಕೂಲಿಯನ್ನಲ್ಲ. ಮೂರು ಬಣ್ಣದ ಪಟ್ಟಿಯ ಬದಲು ಒಂದೇ ಬಣ್ಣ ಸಾಕಾಗಬಹುದು. ಕತ್ತರಿಸಿ ರಂಧ್ರ ಕೊರೆಯುವ ಕೆಲಸವನ್ನು ಕೆಲವರು ಕೂಡಿ ಒಂದೆಡೆ ಮಾಡಿಸಿದರೆ ಪೆನ್ನಿಗೆ 4 ನಿಮಿಷ ಉಳಿಯುತ್ತದೆ; ವಿರಾಮ ಹಾಗೂ ನಷ್ಟದ ಪಾಲು ಸೇರಿ ಇದರ ಬೆಲೆ ಸುಮಾರು 12 ರೂ. ಕೊರೆಯುವ ಕೆಲಸಕ್ಕೆ ತೆರುವ ಬಾಡಿಗೆ ಇದಕ್ಕಿಂತ ಕಡಿಮೆಯಾದರೆ ಉಳಿತಾಯ ನಿಶ್ಚಿತ.

9. ಪಾವತಿಯ ಕಾಲವೂ ದರದ ಭಾಗ

ನಾಲ್ಕು ತಿಂಗಳ ಬಳಿಕ ಬರುವ 91 ರೂ., ಇಂದು ಬರುವ 91 ರೂ. ಅಲ್ಲ. ಆ ನಡುವೆ ಕುಶಲಕರ್ಮಿ ಸಾಲ ಮಾಡಿದರೆ ಬಡ್ಡಿ ಮಜೂರಿಯಿಂದಲೇ ಹೋಗುತ್ತದೆ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ವಿಧಿಸುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಉದ್ಯಮ್ ನೋಂದಣಿ ಉಚಿತವಾಗಿದ್ದು, ಕುಶಲಕರ್ಮಿಗಳು ಅದನ್ನು ಮಾಡಿಸಿಕೊಳ್ಳುವಂತೆ ವ್ಯಾಪಾರಿಗಳೇ ಪ್ರೋತ್ಸಾಹಿಸುವುದು ಸೂಕ್ತ. ಮುಂಗಡವನ್ನು ಬಿಲ್ಲಿನಲ್ಲಿ ಸರಿಹೊಂದಿಸಬೇಕೇ ಹೊರತು, ಮುಂಗಡ ಕೊಟ್ಟ ಕಾರಣಕ್ಕೆ ದರ ಇಳಿಸುವುದು ಸಲ್ಲದು.

ದರವನ್ನು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕೃತವಾಗುವ ಕ್ರಮವಿರುವುದರಿಂದ ಅದೇ ದಿನವನ್ನು ಆರಿಸಿಕೊಳ್ಳುವುದು ಅನುಕೂಲ.

10. ಒಪ್ಪಂದಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಪ್ರಾಯೋಗಿಕ ಕಂತಿನ ಕಾಲವನ್ನು ಹಂತವಾರು ಬರೆದಿಡಲಾಗಿದೆಯೇ? ಆ ಕಂತಿಗೆ ಕೂಲಿ ಸಂದಿದೆಯೇ?
(ಆ) ವಿರಾಮ, ಉಪಕರಣದ ಆರೈಕೆ, ನಷ್ಟವಾಗುವ ಪೆನ್ನುಗಳ ಕಾಲ ಸೇರಿದೆಯೇ?
(ಇ) ಮನೆಯವರ ಕೆಲಸವೂ ಲೆಕ್ಕಕ್ಕೆ ಬಂದಿದೆಯೇ?
(ಈ) ಕೈಕೂಲಿ, ಭದ್ರತೆ, ಕಾರ್ಯಾಗಾರ, ಸಾಮಗ್ರಿ, ಸಿದ್ಧತೆಯ ಖರ್ಚು ಬೇರೆಬೇರೆಯಾಗಿ ನಮೂದಾಗಿವೆಯೇ?
(ಉ) ಹಲವರಿಗೆ ಹಂಚುವ ಕೆಲಸದಲ್ಲಿ ನಿಧಾನದ ಕೈಗೂ ಕನಿಷ್ಠ ಕೂಲಿ ದಕ್ಕುತ್ತದೆಯೇ?
(ಊ) ಮಾದರಿ, ದೋಷದ ಹೊಣೆ, ಪಾವತಿಯ ದಿನ, ಪರಿಷ್ಕರಣೆಯ ದಿನ ಲಿಖಿತವಾಗಿವೆಯೇ?

40 ರೂ.ಗೆ ಒಪ್ಪಿಕೊಂಡ ಕುಶಲಕರ್ಮಿ ಸಾಮಾನ್ಯವಾಗಿ ಜಗಳವಾಡುವುದಿಲ್ಲ. ಮೊದಲ ಬೇಡಿಕೆಯನ್ನು ಮುಗಿಸಿಕೊಡುತ್ತಾನೆ, ಎರಡನೆಯದನ್ನು ತಡಮಾಡುತ್ತಾನೆ, ಮೂರನೆಯದಕ್ಕೆ ಕೈಗೆ ಸಿಗುವುದಿಲ್ಲ. ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳಿದ್ದು, ತಿಂಗಳ ಸಂಬಳದ ಕೆಲಸ ಆತನ ಮಗನನ್ನು ಕರೆಯುತ್ತಿರುತ್ತದೆ. ಲೇತಿನ ಮೇಲೆ ಪಳಗಿದ ಕೈಯೊಂದು ಸಿದ್ಧವಾಗಲು ವರ್ಷಗಳೇ ಬೇಕು. ಅದು ಕಸುಬು ಬಿಡಲು ಒಂದು ತಪ್ಪು ದರ ಸಾಕು. ಕೈಕೆಲಸದ ಹೆಸರಿನಲ್ಲಿ ವ್ಯಾಪಾರ ಮಾಡುವವರಿಗೆ ಆ ಕೈ ಉಳಿಯುವುದೇ ಬಂಡವಾಳ. ಆದುದರಿಂದ ಕಾಗದದ ಮೇಲೆ ಅರ್ಧ ಗಂಟೆ ಕುಳಿತು ಇಬ್ಬರೂ ಕೂಡಿ ಮಾಡುವ ಈ ಲೆಕ್ಕ, ಬೇಡಿಕೆಯ ಮೊದಲ ಕೆಲಸವಾಗಬೇಕು.